ಒಳಗಿನ ಪ್ರೇರಣೆಯನ್ನು ಅರಿತ ನಾಯಕ: ಚಾವುಂಡರಾಯ

ಬೀಜ ಮೊಳೆಯಬೇಕಾದರೆ ನೀರು ಬೇಕು, ಗಾಳಿ ಬೇಕು, ತಕ್ಕ ಬಿಸುಪು ಬೇಕು. ಆದರೆ ಮೊಳೆಯುವ ಶಕ್ತಿ ಇರುವುದು ಬೀಜದ ಒಳಗೆ. ಹುರಿದ ಕಾಳಿಗೆ ಎಷ್ಟು ನೀರೆರೆದರೂ ಅದು ಚಿಗುರದು. ಜೈನ ದರ್ಶನ ಒಳಗಿರುವ ಈ ಶಕ್ತಿಯನ್ನು ಉಪಾದಾನ ಕಾರಣವೆಂದೂ, ಹೊರಗಿನಿಂದ ಒದಗುವ ನೆರವನ್ನು ನಿಮಿತ್ತ ಕಾರಣವೆಂದೂ ಕರೆಯುತ್ತದೆ. ತಂದೆ ಮಗನಿಗೆ, ಗುರು ಶಿಷ್ಯನಿಗೆ, ಒಡೆಯ ಆಳಿಗೆ, ಅರಸ ಪ್ರಜೆಗೆ ನಿಮಿತ್ತವಾಗಬಲ್ಲರೇ ಹೊರತು ಉಪಾದಾನವಾಗಲಾರರು. ಈ ಒಂದು ತತ್ತ್ವವನ್ನು ಅರಿಯದ ನಾಯಕ ಆಜ್ಞೆ ಮಾಡುತ್ತಲೇ ಆಯುಷ್ಯ ಕಳೆಯುತ್ತಾನೆ. ಅರಿತವನ ಸುತ್ತ ಕಾರ್ಯಗಳು ತಾವಾಗಿ ಅರಳುತ್ತವೆ. ಹತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಈ ಅರಿವಿನ ಕಡೆಗೆ ಹೆಜ್ಜೆಹೆಜ್ಜೆಯಾಗಿ ನಡೆದ ಮಹಾಪುರುಷ ಚಾವುಂಡರಾಯ.

ಆತನ ಬದುಕಿನ ಮೊದಲ ಭಾಗ ಕಳೆದದ್ದು ರಣಭೂಮಿಯಲ್ಲಿ. ಬ್ರಹ್ಮಕ್ಷತ್ರ ಕುಲದಲ್ಲಿ ಹುಟ್ಟಿದ ಆತ ತಲಕಾಡಿನ ಗಂಗರಲ್ಲಿ ಇಮ್ಮಡಿ ಮಾರಸಿಂಹನಿಗೂ ಅನಂತರ ನಾಲ್ವಡಿ ರಾಚಮಲ್ಲನಿಗೂ ಮಂತ್ರಿಯೂ ದಂಡನಾಯಕನೂ ಆಗಿದ್ದವನು. ಇಂದಿನ ಜಗಳೂರು ಸೀಮೆ ಆಗ ನೊಳಂಬವಾಡಿಗೆ ಸೇರಿತ್ತು. ಅದಕ್ಕೆ ಹೊಂದಿಕೊಂಡಿರುವ ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗ ನೊಳಂಬರ ಬಲವಾದ ಕೋಟೆ. ಮಾರಸಿಂಹ ಆ ಕೋಟೆಯನ್ನು ಗೆದ್ದು ನೊಳಂಬಕುಲಾಂತಕನೆನಿಸಿಕೊಂಡ. ಉಚ್ಚಂಗಿಯ ಕದನದಲ್ಲಿ ತೋರಿದ ಪರಾಕ್ರಮಕ್ಕಾಗಿ ಚಾವುಂಡರಾಯನಿಗೆ ರಣರಂಗಸಿಂಗ ಎಂಬ ಬಿರುದು ಬಂದಿತು. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿದ್ದಕ್ಕೆ ವೀರಮಾರ್ತಂಡನೆನಿಸಿದ. ತನ್ನ ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನ ಮೇಲೆ ಹಗೆ ತೀರಿಸಿಕೊಂಡು ಸಮರಪರಶುರಾಮನಾದ. ಬಿರುದುಗಳ ಮೇಲೆ ಬಿರುದು ಸೇರುತ್ತ ಹೋದವು.

ಕತ್ತಿಯ ಬಲವನ್ನು ಅಷ್ಟು ಹತ್ತಿರದಿಂದ ಬಲ್ಲವನಿಗೆ ಅದರ ಮಿತಿಯೂ ಹತ್ತಿರದಿಂದಲೇ ಕಾಣಬೇಕಾಯಿತು. ಶತ್ರುವಿನ ಕೋಟೆಬಾಗಿಲನ್ನು ಆನೆಯಿಂದ ಒಡೆಸಬಹುದು. ಸೋತವನ ತಲೆಯನ್ನು ಬಾಗಿಸಬಹುದು. ಆದರೆ ಬಾಗಿದ ತಲೆಯೊಳಗಿನ ಮನಸ್ಸು ಬಾಗಿತೆಂದು ಹೇಳಲಾಗದು. ದಂಡಕ್ಕೆ ಹೆದರಿ ದುಡಿಯುವವನು ದಂಡ ಮರೆಯಾದೊಡನೆ ನಿಲ್ಲುತ್ತಾನೆ. ಹೊನ್ನಿಗಾಗಿ ಕಾದುವವನು ಹೆಚ್ಚು ಹೊನ್ನು ಕೊಡುವವನ ಕಡೆಗೆ ತಿರುಗುತ್ತಾನೆ. ಆ ಕಾಲದ ರಾಜಕಾರಣವೇ ಇದಕ್ಕೆ ಸಾಕ್ಷಿಯಾಗಿತ್ತು. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರ ಸಿಂಹಾಸನವನ್ನು ಉರುಳಿಸಿದಾಗ, ಎರಡು ಶತಮಾನಗಳ ಸಾಮ್ರಾಜ್ಯಕ್ಕೆ ತಲೆಬಾಗಿದ್ದ ಎಷ್ಟೋ ಸಾಮಂತರ ನಿಷ್ಠೆ ಬಹುಬೇಗ ಬದಲಾಯಿತು.

ಆ ಹೊತ್ತಿನಲ್ಲಿ ಮಾರಸಿಂಹ ಮಾಡಿದ ಕಾರ್ಯ ಚಾವುಂಡರಾಯನ ಕಣ್ಣಮುಂದೆಯೇ ನಡೆಯಿತು. ತನ್ನ ಬಂಧುವಾದ ನಾಲ್ವಡಿ ಇಂದ್ರನನ್ನು ರಾಷ್ಟ್ರಕೂಟ ಪಟ್ಟಕ್ಕೆ ಏರಿಸಿ ಉಳಿಸಲು ಮಾರಸಿಂಹ ಶ್ರಮಿಸಿದ, ಅದು ಫಲಿಸಲಿಲ್ಲ. ಆ ಬಳಿಕ ಆತ ರಾಜ್ಯವನ್ನು ತೊರೆದ. ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಬಂದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟ. ಹೊನ್ನಾಳಿ, ನ್ಯಾಮತಿಗಳಿಂದ ವಾಯವ್ಯಕ್ಕೆ ಸಾಗಿದರೆ ದೊರೆಯುವ ಬಂಕಾಪುರ ಅಂದು ಜೈನ ವಿದ್ಯೆಯ ದೊಡ್ಡ ನೆಲೆ. ಕೋಟೆಗಳನ್ನು ಗೆದ್ದ ಅರಸನೊಬ್ಬ ಯಾರ ಒತ್ತಾಯವೂ ಇಲ್ಲದೆ ಅನ್ನ, ನೀರು, ಅಧಿಕಾರಗಳನ್ನು ತಾನಾಗಿ ಬಿಟ್ಟ. ಯಾವ ಸೇನಾಪತಿಯೂ ಆತನಿಂದ ಅದನ್ನು ಮಾಡಿಸಲು ಸಾಧ್ಯವಿರಲಿಲ್ಲ. ಒಳಗಿನಿಂದ ಹುಟ್ಟಿದ ಸಂಕಲ್ಪದ ಮುಂದೆ ಹೊರಗಿನ ಬಲ ಎಷ್ಟು ಚಿಕ್ಕದೆಂಬ ಪಾಠ ಆ ಘಟನೆಯಲ್ಲಿತ್ತು.

ಅರಸನಿಲ್ಲದ ರಾಜ್ಯ, ಗಡಿಯಲ್ಲಿ ಬೆಳೆಯುತ್ತಿರುವ ಚಾಲುಕ್ಯ ಬಲ, ಮನೆಯೊಳಗೇ ಪಟ್ಟಕ್ಕಾಗಿ ಕಲಹ: ಇಂಥ ಸ್ಥಿತಿಯಲ್ಲಿ ಚಾವುಂಡರಾಯ ರಾಚಮಲ್ಲನ ಬೆನ್ನಿಗೆ ನಿಂತ. ರಾಜ್ಯವನ್ನು ಹಿಡಿದು ನಿಲ್ಲಿಸಿದ ಕೈ ಆತನದೇ ಆಗಿದ್ದರೂ ಸಿಂಹಾಸನದ ಮೇಲೆ ಕುಳಿತದ್ದು ರಾಚಮಲ್ಲ. ಆತನಿಗೆ ಸತ್ಯಯುಧಿಷ್ಠಿರ, ಶೌಚಾಭರಣ, ಸಮ್ಯಕ್ತ್ವರತ್ನಾಕರ ಎಂಬ ಬಿರುದುಗಳೂ ಇದ್ದವು. ರಣದ ಬಿರುದುಗಳು ಆತ ಯಾರನ್ನು ಗೆದ್ದನೆಂದು ಹೇಳುತ್ತವೆ. ಈ ಬಿರುದುಗಳು ಆತ ತನ್ನೊಳಗೆ ಏನನ್ನು ಗೆಲ್ಲಲು ಹೊರಟನೆಂದು ಹೇಳುತ್ತವೆ.

ಮಾರಸಿಂಹನಿಗೆ ಗುರುವಾಗಿದ್ದ ಅಜಿತಸೇನಾಚಾರ್ಯರೇ ಚಾವುಂಡರಾಯನಿಗೂ ಗುರು. ಅವರ ಬಳಿಗೆ ವಿದ್ಯೆಯನ್ನರಸಿ ಬಂದ ತರುಣನೊಬ್ಬನಿದ್ದ. ದೂರದ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯ ಹುಡುಗ, ಹೆಸರು ರನ್ನ. ಬಳೆಯ ಮಲಾರ ಹೊತ್ತು ಊರೂರು ತಿರುಗಬೇಕಾದ ಕುಲದಲ್ಲಿ ಹುಟ್ಟಿದವನಿಗೆ ಅಕ್ಷರದ ಹಸಿವು. ಸೇನೆಯನ್ನು ಆಳುವ ದಂಡನಾಯಕನೊಬ್ಬ ಇಂಥ ಹುಡುಗನಿಗೆ ಒಂದಿಷ್ಟು ದಾನ ಕೊಟ್ಟು ಕಳುಹಿಸಬಹುದಿತ್ತು; ಅಥವಾ ತನ್ನ ಕೆಲಸಕ್ಕೆ ಇಟ್ಟುಕೊಳ್ಳಬಹುದಿತ್ತು. ಚಾವುಂಡರಾಯ ಆತನ ಹಸಿವು ಯಾವುದೆಂದು ಗುರುತಿಸಿದ. ಓದಿಗೆ ಆಶ್ರಯ ಕೊಟ್ಟ. ವಿದ್ಯೆಯ ದಾರಿಯಲ್ಲಿ ನಿಲ್ಲಿಸಿದ.

ರನ್ನ ಮುಂದೆ ಗಂಗರ ನಾಡಿನಲ್ಲಿ ಉಳಿಯಲಿಲ್ಲ. ಚಾಲುಕ್ಯರ ಆಸ್ಥಾನಕ್ಕೆ ಹೋದ. ತೈಲಪನಿಂದ ಕವಿಚಕ್ರವರ್ತಿ ಎಂಬ ಪದವಿ ಪಡೆದ. 993ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣವನ್ನು ಬರೆದ. ಲೌಕಿಕದ ಲೆಕ್ಕದಲ್ಲಿ ನೋಡಿದರೆ, ಚಾವುಂಡರಾಯ ಪೋಷಿಸಿದ ಪ್ರತಿಭೆ ಎದುರಾಳಿಯ ಆಸ್ಥಾನವನ್ನು ಬೆಳಗಿತು. ಧರ್ಮದ ಲೆಕ್ಕ ಬೇರೆ. ಶ್ರಾವಕನ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಕೊಟ್ಟದ್ದು ತನಗೇ ಮರಳಲಿ ಎಂಬ ಬಯಕೆ ಅದರೊಳಗೆ ಸೇರಿದರೆ ದಾನ ವ್ಯಾಪಾರವಾಗುತ್ತದೆ. ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ಮನೆಯಲ್ಲಿ ಮಗನನ್ನು ಕೂಗಿದಾಗಲೆಲ್ಲ ನಾಲಗೆಯ ಮೇಲೆ ಬರುತ್ತಿದ್ದದ್ದು ಮೊದಲ ಆಶ್ರಯದಾತನ ಹೆಸರು. ಅಂಥ ಕೃತಜ್ಞತೆಯನ್ನು ಯಾವ ಆಜ್ಞೆಯಿಂದಲೂ ಬರಿಸಲಾಗದು.

ಚಾವುಂಡರಾಯ ತಾನೂ ಲೇಖನಿ ಹಿಡಿದವನು. 978ರಲ್ಲಿ ಆತ ರಚಿಸಿದ ತ್ರಿಷಷ್ಟಿಲಕ್ಷಣ ಮಹಾಪುರಾಣ, ಜನರ ಬಾಯಲ್ಲಿ ಚಾವುಂಡರಾಯ ಪುರಾಣವೆಂದೇ ಪ್ರಸಿದ್ಧ. ಜಿನಸೇನ, ಗುಣಭದ್ರರ ಸಂಸ್ಕೃತ ಮಹಾಪುರಾಣದಲ್ಲಿದ್ದ ಅರುವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಆತ ಕನ್ನಡ ಗದ್ಯದಲ್ಲಿ ಹೇಳಿದ. ಪಂಪ, ಪೊನ್ನರ ಕಾಲದಲ್ಲಿ ಕೀರ್ತಿಯ ದಾರಿ ಚಂಪೂ ಕಾವ್ಯ. ಆ ದಾರಿಯನ್ನು ಬಿಟ್ಟು ಗದ್ಯವನ್ನು ಆರಿಸಿಕೊಂಡದ್ದರಿಂದ ಪುರಾಣ ಹೆಚ್ಚು ಜನರಿಗೆ ಎಟುಕುವಂತಾಯಿತು. ತಾನು ಎಷ್ಟು ಬಲ್ಲೆನೆಂಬುದಕ್ಕಿಂತ ಕೇಳುವವನಿಗೆ ಏನು ಬೇಕೆಂಬುದು ಮೊದಲು ಕಂಡರೆ ಮಾತ್ರ ಇಂಥ ಆಯ್ಕೆ ಸಾಧ್ಯ.

ಆತನ ಅರಿವನ್ನು ಇನ್ನಷ್ಟು ಆಳಕ್ಕೆ ಒಯ್ದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಅವರು ಷಟ್ಖಂಡಾಗಮವನ್ನು ಅಧ್ಯಯನ ಮಾಡುತ್ತಿದ್ದಾಗ ಚಾವುಂಡರಾಯ ಬಂದನೆಂದೂ, ಗುರುಗಳು ಗ್ರಂಥವನ್ನು ಮುಚ್ಚಿದರೆಂದೂ, ಶ್ರಾವಕನಿಗೆ ಆ ಸಿದ್ಧಾಂತ ನಿಲುಕದೆಂಬುದನ್ನು ತಿಳಿದ ಆತ ತನಗೆ ಅರ್ಥವಾಗುವಂತೆ ಅದರ ಸಾರವನ್ನು ಕರುಣಿಸಬೇಕೆಂದು ಬೇಡಿದನೆಂದೂ ಪ್ರತೀತಿಯಿದೆ. ಹಾಗೆ ಹುಟ್ಟಿದ್ದು ಪ್ರಾಕೃತ ಭಾಷೆಯ ಗೊಮ್ಮಟಸಾರ. ಗೊಮ್ಮಟವೆಂಬುದು ಚಾವುಂಡರಾಯನದೇ ಇನ್ನೊಂದು ಹೆಸರು. ನಾಡನ್ನಾಳುವ ಮಂತ್ರಿ ಗುರುವಿನ ಮುಂದೆ ಕುಳಿತು ತನಗೆ ತಿಳಿಯದೆಂದು ಒಪ್ಪಿಕೊಂಡ. ಆ ವಿನಯದಿಂದ ಲೋಕಕ್ಕೆ ಒಂದು ಮಹಾಗ್ರಂಥ ದೊರೆಯಿತು.

ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯೆಗಳನ್ನು ವಿವರಿಸುವ ಒಂದು ದೃಷ್ಟಾಂತವಿದೆ. ಕಾಡಿನಲ್ಲಿ ದಾರಿ ತಪ್ಪಿದ ಆರು ಮಂದಿ ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಮರವನ್ನು ಬೇರುಸಹಿತ ಕಿತ್ತು ಹಣ್ಣು ತಿನ್ನಬೇಕೆಂದು ಬಗೆಯುತ್ತಾನೆ. ನೀಲಲೇಶ್ಯೆಯವನಿಗೆ ಕಾಂಡವನ್ನು ಕಡಿಯುವ ಯೋಚನೆ. ಕಪೋತಲೇಶ್ಯೆಯವನು ದೊಡ್ಡ ಕೊಂಬೆಯನ್ನೂ, ಪೀತಲೇಶ್ಯೆಯವನು ಸಣ್ಣ ರೆಂಬೆಯನ್ನೂ ಕತ್ತರಿಸಬಯಸುತ್ತಾರೆ. ಪದ್ಮಲೇಶ್ಯೆಯವನು ಹಣ್ಣನ್ನಷ್ಟೇ ಬಿಡಿಸಿಕೊಳ್ಳಲು ಬಯಸುತ್ತಾನೆ. ಶುಕ್ಲಲೇಶ್ಯೆಯವನಿಗೆ ತಾನಾಗಿ ನೆಲಕ್ಕೆ ಬಿದ್ದ ಹಣ್ಣೇ ಸಾಕು. ಆರು ಮಂದಿಯ ಹಸಿವು ಒಂದೇ, ಮರವೂ ಒಂದೇ; ಒಳಗಿನ ಪರಿಣಾಮ ಮಾತ್ರ ಬೇರೆ ಬೇರೆ. ಮನುಷ್ಯನನ್ನು ಅರಿಯಬೇಕಾದರೆ ಆತ ಏನನ್ನು ಬೇಡುತ್ತಾನೆಂಬುದನ್ನು ಕೇಳಿದರೆ ಸಾಲದು; ಆ ಬೇಡಿಕೆ ಎಂಥ ಭಾವದಿಂದ ಹೊರಟಿದೆ ಎಂಬುದನ್ನು ನೋಡಬೇಕು. ಜನರನ್ನು ನಡೆಸುವವನಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಆ ಪಾಠವನ್ನು ಆತ ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಳ್ಳಬೇಕು: ತನ್ನ ಕೈಯಲ್ಲಿರುವುದು ಕೊಡಲಿಯೋ, ಬುಟ್ಟಿಯೋ ಎಂದು.

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲಿನ ಬಾಹುಬಲಿಯ ಮೂರ್ತಿ ಚಾವುಂಡರಾಯನ ಜೀವನದ ಶಿಖರ. ಅದರ ಹಿಂದೆ ಒಬ್ಬ ತಾಯಿಯ ಬಯಕೆಯಿತ್ತೆಂದು ಐತಿಹ್ಯ ಹೇಳುತ್ತದೆ. ಪೌದನಪುರದಲ್ಲಿ ಭರತ ಚಕ್ರವರ್ತಿ ನಿಲ್ಲಿಸಿದ ಬಾಹುಬಲಿಯ ದರ್ಶನವಾಗುವವರೆಗೆ ಹಾಲು ಮುಟ್ಟುವುದಿಲ್ಲವೆಂದು ತಾಯಿ ಕಾಳಲಾದೇವಿ ವ್ರತ ತೊಟ್ಟಳು. ಮಗ ತಾಯಿಯನ್ನು ಕರೆದುಕೊಂಡು ಗುರುಗಳೊಡನೆ ಹೊರಟ. ಶ್ರವಣಬೆಳಗೊಳದಲ್ಲಿ ತಂಗಿದ್ದಾಗ, ಪೌದನಪುರದ ದಾರಿ ಕಠಿಣವೆಂದೂ ಚಿಕ್ಕಬೆಟ್ಟದಿಂದ ಬಾಣ ಬಿಟ್ಟರೆ ಎದುರಿನ ಬೆಟ್ಟದಲ್ಲೇ ದೇವರು ಕಾಣಿಸುವನೆಂದೂ ಕನಸಾಯಿತು. ಬಾಣ ತಾಗಿದ ದೊಡ್ಡಬೆಟ್ಟದ ಬಂಡೆಯಲ್ಲಿ ಮೂರ್ತಿಯ ಕೆಲಸ ಮೊದಲಾಯಿತು.

ಮೂರ್ತಿಯನ್ನು ಕಡೆಯಲು ಬಂದ ಶಿಲ್ಪಿಯನ್ನು ಪರಂಪರೆ ಅರಿಷ್ಟನೇಮಿಯೆಂದು ಕರೆಯುತ್ತದೆ. ಆತನ ಉತ್ಸಾಹವನ್ನು ಹೆಚ್ಚಿಸಲು ಚಾವುಂಡರಾಯ ತನಗೆ ತಿಳಿದ ಹಾದಿಯನ್ನೇ ಹಿಡಿದನೆಂದು ಕಥೆ. ಕೆತ್ತಿ ತೆಗೆದ ಕಲ್ಲಿನ ಚೂರು ಎಷ್ಟು ತೂಗುವುದೋ ಅಷ್ಟು ಹೊನ್ನು ಕೊಡುವುದಾಗಿ ಮಾತುಕೊಟ್ಟ. ಮೊದಲ ದಿನದ ಹೊನ್ನನ್ನು ಶಿಲ್ಪಿ ಮನೆಗೆ ತಂದು ತಾಯಿಯ ಮುಂದೆ ಇಡಹೋದಾಗ ಅದು ಆತನ ಕೈಗೆ ಅಂಟಿಕೊಂಡಿತು. ಎಷ್ಟು ಕೊಡವಿದರೂ ಬಿಡಲಿಲ್ಲ. ಕೈಗಳೇ ಕಟ್ಟಿಹೋದ ಮೇಲೆ ಉಳಿ ಹಿಡಿಯುವುದೆಂತು? ಆಗ ಆ ತಾಯಿ ಮಗನಿಗೆ ತಿಳಿಹೇಳಿದಳು. ಒಬ್ಬ ಮಗ ತನ್ನ ತಾಯಿಯ ವ್ರತಕ್ಕಾಗಿ ಹೊನ್ನಿನ ರಾಶಿಯನ್ನೇ ಬಿಡುತ್ತಿರುವಾಗ, ಇನ್ನೊಬ್ಬ ಮಗ ಅದೇ ದೇವರ ಕೆಲಸದಲ್ಲಿ ಹೊನ್ನಿಗೆ ಕೈ ಚಾಚುವುದು ತರವೇ ಎಂದು ಆಕೆ ನೊಂದುಕೊಂಡಳು. ಶಿಲ್ಪಿಯ ಕಣ್ಣು ತೆರೆಯಿತು. ಕೂಲಿಯ ಆಸೆಯನ್ನು ಬಿಟ್ಟೊಡನೆ ಹೊನ್ನು ಕೈಯಿಂದ ಜಾರಿತು. ಅಲ್ಲಿಂದ ಮುಂದೆ ಆತ ಭಕ್ತಿಯಿಂದಲೇ ಕೆಲಸ ಮಾಡಿದ.

ಈ ಕಥೆಯ ಒಳಗುಟ್ಟು ಗಮನಿಸತಕ್ಕದ್ದು. ದುಡಿಮೆಗೆ ಕೂಲಿ ಬೇಡವೆಂದು ಅದು ಹೇಳುವುದಿಲ್ಲ. ದುಡಿದವನ ಕೂಲಿಯನ್ನು ಹಿಡಿದಿಡುವುದು ಅಸ್ತೇಯ ವ್ರತಕ್ಕೆ ದೋಷ. ಶಿಲ್ಪಿಯ ಕೈಯನ್ನು ಕಟ್ಟಿದ್ದು ಅನ್ನದ ಅಗತ್ಯವಲ್ಲ, ಲೋಭ ಕಷಾಯ. ಚೂರಿನ ತೂಕದ ಮೇಲೆ ಕಣ್ಣಿಟ್ಟವನು ಹೆಚ್ಚು ಕಲ್ಲನ್ನು ತೆಗೆಯಲು ನೋಡುತ್ತಾನೆ. ಮೂರ್ತಿಯ ಮೇಲೆ ಕಣ್ಣಿಟ್ಟವನು ಎಷ್ಟು ತೆಗೆಯಬೇಕೋ ಅಷ್ಟನ್ನೇ ತೆಗೆಯುತ್ತಾನೆ. ತಪ್ಪಾಗಿ ಇಟ್ಟ ಬಹುಮಾನ ಒಳ್ಳೆಯ ಕೆಲಸಗಾರನನ್ನೂ ಕೆಲಸದಿಂದ ದೂರ ಮಾಡಬಲ್ಲದು. ದಂಡನಾಯಕನ ಹೊನ್ನು ಮಾಡಲಾಗದ ಕೆಲಸವನ್ನು ಬಡ ತಾಯಿಯ ಮಾತು ಮಾಡಿತು. ಏಕೆಂದರೆ ಆಕೆ ಮಗನೊಳಗೆ ಮೊದಲೇ ಇದ್ದ ಕಲೆಯ ಪ್ರೀತಿಯನ್ನೂ ಭಕ್ತಿಯನ್ನೂ ಎಚ್ಚರಿಸಿದಳು. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿಃಕಾಂಕ್ಷಿತವೆಂದರೆ ಫಲದ ಬಯಕೆಯಿಲ್ಲದಿರುವುದು. ಸ್ಥಿತಿಕರಣವೆಂದರೆ ಜಾರುತ್ತಿರುವವನನ್ನು ಮತ್ತೆ ಸನ್ಮಾರ್ಗದಲ್ಲಿ ನಿಲ್ಲಿಸುವುದು. ಆ ತಾಯಿ ಮಾಡಿದ್ದು ಸ್ಥಿತಿಕರಣ. ಮಗನಿಗೆ ದೊರೆತದ್ದು ನಿಃಕಾಂಕ್ಷಿತ.

981ರಲ್ಲಿ ಸುಮಾರು 58 ಅಡಿ ಎತ್ತರದ ಆ ಏಕಶಿಲಾ ಮೂರ್ತಿಯ ಪ್ರತಿಷ್ಠೆಯಾಯಿತು. ಉತ್ತರಕ್ಕೆ ಮುಖಮಾಡಿ, ಕಾಲಬಳಿ ಹುತ್ತ, ತೊಡೆ ತೋಳುಗಳಿಗೆ ಮಾಧವೀ ಬಳ್ಳಿ, ಮುಖದಲ್ಲಿ ಮಂದಹಾಸ. ಮೂರ್ತಿಯನ್ನು ಮಾಡಿಸಿದವನ ಹೆಸರು ಪಾದದ ಬಳಿ ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿ ಇಂದಿಗೂ ಕಾಣುತ್ತದೆ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಕೊಟ್ಟು ಹೋದ ಬಾಹುಬಲಿಯ ಪಾದದಲ್ಲಿ ಒಬ್ಬ ಸೇನಾಪತಿಯ ಹೆಸರು. ಅಲ್ಲಿಯೇ ಆತನ ಕೊನೆಯ ಪರೀಕ್ಷೆಯೂ ಕಾದಿತ್ತು.

ಮೊದಲ ಅಭಿಷೇಕದ ದಿನ ಚಾವುಂಡರಾಯನ ಮನಸ್ಸಿನಲ್ಲಿ ಇಂಥ ಕಾರ್ಯವನ್ನು ತಾನು ಮಾಡಿಸಿದೆನೆಂಬ ಅಹಂಕಾರ ಮೊಳೆಯಿತೆಂದು ಐತಿಹ್ಯ ಹೇಳುತ್ತದೆ. ಕೊಡಕೊಡ ಹಾಲು ಸುರಿದರೂ ಅದು ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಭಂಡಾರ, ಪರಿವಾರ, ಅಧಿಕಾರ ಎಲ್ಲವೂ ಅಲ್ಲಿದ್ದವು. ಪಾದ ಮಾತ್ರ ನೆನೆಯಲಿಲ್ಲ. ಆಗ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದಿದ್ದ ತುಸುವೇ ಹಾಲನ್ನು ಎರೆಯಲು ಅನುಮತಿ ಬೇಡಿದಳು. ನೆರೆದವರು ನಕ್ಕರು. ಗುರುಗಳ ಸೂಚನೆಯಂತೆ ಆಕೆಗೆ ಅವಕಾಶವಾಯಿತು. ಆ ಹಾಲು ಮೂರ್ತಿಯನ್ನು ಮುಡಿಯಿಂದ ಅಡಿಯವರೆಗೆ ತೋಯಿಸಿ ಬೆಟ್ಟದಿಂದ ಇಳಿದು ಬೆಳ್ಗೊಳವಾಯಿತು.

ಆಕೆಯನ್ನು ಅಲ್ಲಿಗೆ ಕರೆತಂದ ಆಜ್ಞೆಯಿಲ್ಲ. ಆಕೆಗೆ ಸಿಗಬೇಕಾದ ಬಿರುದಿಲ್ಲ. ಆಕೆ ಎಣಿಸಿದ ಪುಣ್ಯದ ಲೆಕ್ಕವಿಲ್ಲ. ಆಕೆಯಲ್ಲಿದ್ದದ್ದು ಶುದ್ಧವಾದ ಭಾವ. ಚಾವುಂಡರಾಯ ಅದನ್ನು ಕಂಡ. ತನ್ನೊಳಗಿನ ಮಾನ ಕಷಾಯವನ್ನೂ ಕಂಡ. ಅವಮಾನವಾಯಿತೆಂದು ಆತ ಮುದುಕಿಯನ್ನು ಮರೆಸಬಹುದಿತ್ತು. ಅದಕ್ಕೆ ಬದಲಾಗಿ ಆಕೆಯ ಮೂರ್ತಿಯನ್ನು ಗೊಮ್ಮಟನ ಎದುರಿನಲ್ಲೇ ನಿಲ್ಲಿಸಿದನೆಂದು ಜನ ನಂಬುತ್ತಾರೆ. ಗುಳ್ಳಕಾಯಜ್ಜಿ ಇಂದಿಗೂ ಕೈಯಲ್ಲಿ ಗುಳ್ಳಕಾಯಿ ಹಿಡಿದು ಸ್ವಾಮಿಯ ಕಡೆಗೆ ನೋಡುತ್ತ ನಿಂತಿದ್ದಾಳೆ. ತನ್ನ ಸೋಲಿನ ಸಾಕ್ಷಿಯನ್ನು ತನ್ನ ಗೆಲುವಿನ ಎದುರಿನಲ್ಲೇ ಇಟ್ಟುಕೊಂಡ ನಾಯಕರು ಚರಿತ್ರೆಯಲ್ಲಿ ವಿರಳ.

ಕಾಲ ತನ್ನ ಕೆಲಸ ಮಾಡಿತು. ರಾಷ್ಟ್ರಕೂಟರ ಕೊನೆಯ ಆಸೆಯಾಗಿದ್ದ ನಾಲ್ವಡಿ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲೇ ಸಲ್ಲೇಖನದಿಂದ ದೇಹಬಿಟ್ಟ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ತಲಕಾಡು ಚೋಳರ ಪಾಲಾಯಿತು. ಚಾವುಂಡರಾಯ ಕತ್ತಿಯಿಂದ ಕಾಪಾಡಿದ ಗಂಗರಾಜ್ಯ ಅಳಿಯಿತು. ಉಚ್ಚಂಗಿಯ ಕೋಟೆ ಒಡೆಯರಿಂದ ಒಡೆಯರಿಗೆ ಕೈ ಬದಲಾಯಿಸಿತು. ಆದರೆ ಆತ ನಿಮಿತ್ತವಾಗಿ ನಿಂತ ಕಾರ್ಯಗಳು ಉಳಿದವು. ಗೊಮ್ಮಟಸಾರವನ್ನು ಇಂದಿಗೂ ಓದುತ್ತಾರೆ. ರನ್ನನ ಕಾವ್ಯ ಉಳಿದಿದೆ. ಚಿಕ್ಕಬೆಟ್ಟದಲ್ಲಿ ತಂದೆಯ ಹೆಸರಿನ ಬಸದಿಗೆ ಮಗ ಜಿನದೇವಣ ಮೇಲಂತಸ್ತನ್ನು ಸೇರಿಸಿದ. 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕಕ್ಕೆ ದೇಶವೇ ನೆರೆಯಿತು. ಯಾರ ಕಟ್ಟಳೆಯೂ ಇಲ್ಲದೆ ಜನ ಈಗಲೂ ಬರಿಗಾಲಲ್ಲಿ ಆ ಮೆಟ್ಟಿಲುಗಳನ್ನು ಏರುತ್ತಾರೆ.

ಚಾವುಂಡರಾಯನ ಜೀವನ ಅರಮನೆಗಷ್ಟೇ ಸಲ್ಲುವ ಪಾಠವಲ್ಲ. ಚನ್ನಗಿರಿಯ ಅಡಿಕೆ ತೋಟದಲ್ಲಿ ಕೊನೆ ಇಳಿಸುವವರನ್ನು ನಡೆಸುವ ಯಜಮಾನನಿಗೂ, ಹೊನ್ನಾಳಿ, ನ್ಯಾಮತಿಗಳ ಶಾಲೆಗಳಲ್ಲಿ ಮಕ್ಕಳ ಮುಂದೆ ನಿಲ್ಲುವ ಉಪಾಧ್ಯಾಯನಿಗೂ, ಮಳೆಯ ದಾರಿ ಕಾಯುವ ಜಗಳೂರಿನ ಹಳ್ಳಿಯಲ್ಲಿ ಸ್ವಸಹಾಯ ಸಂಘವನ್ನು ಮುನ್ನಡೆಸುವ ಹೆಣ್ಣುಮಗಳಿಗೂ ಅದು ಸಲ್ಲುತ್ತದೆ. ದುಡಿದವನಿಗೆ ನ್ಯಾಯವಾದ ಕೂಲಿ ಮೊದಲು ಸಲ್ಲಬೇಕು. ಆ ಬಳಿಕ ನೋಡಬೇಕಾದದ್ದು ಆತನ ಒಳಗನ್ನು. ಒಬ್ಬನಿಗೆ ಕಲಿಯುವ ಹಸಿವು, ಒಬ್ಬನಿಗೆ ಕೈಕೆಲಸದ ಹೆಮ್ಮೆ, ಒಬ್ಬಳಿಗೆ ತಾಯಿತನ, ಇನ್ನೊಬ್ಬಳಿಗೆ ಬರಿಯ ಭಕ್ತಿ. ಅದನ್ನು ಹೊರಗಿನಿಂದ ತುಂಬಲಾಗದು; ಇರುವುದನ್ನು ಗುರುತಿಸಿ ದಾರಿ ಬಿಡಬಹುದು. ಹಾಗೆ ದಾರಿ ಬಿಡಬೇಕಾದರೆ ನಾಯಕನ ಮಾನ, ಲೋಭಗಳು ಮೊದಲು ಕರಗಬೇಕು. ಉಚ್ಚಂಗಿಯನ್ನು ಏರಿದ ಸೇನಾಪತಿಗೆ ಅದನ್ನು ಕಲಿಸಿದ್ದು ಒಂದು ಗುಳ್ಳಕಾಯಿಯಷ್ಟು ಹಾಲು.